ಉಳಿದ ಹತ್ತು ಮಂದಿ

"ಸಾರ್, ಚಪ್ಪಲಿ!"

ಶಶಿಕುಮಾರ್ ತಿರುಗಿ ನೋಡಿದ. ಎಡಗಾಲಿನ ಚಪ್ಪಲಿ ಹತ್ತು ಹೆಜ್ಜೆ ಹಿಂದೆ, ಕಾರಿಡಾರಿನ ನಟ್ಟನಡುವೆ ಬಿದ್ದಿತ್ತು. ಅದು ಕಳಚಿಕೊಂಡದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಕೂಗಿದ ಹುಡುಗಿ ಅವನ ಕ್ಲಾಸಿನವಳೇ. ಅವಳ ಪಕ್ಕದವಳು ಬಾಯಿಗೆ ದುಪಟ್ಟಾ ಅಡ್ಡ ಹಿಡಿದಿದ್ದಳು.

ಬಗ್ಗುವಂತಿರಲಿಲ್ಲ. ವಾಪಸು ಹೋಗಿ, ಗೋಡೆ ಹಿಡಿದುಕೊಂಡು, ಕಾಲನ್ನು ಚಪ್ಪಲಿಯೊಳಗೆ ತೂರಿಸಲು ತಡಕಾಡಿದ. ಹೆಬ್ಬೆರಳು ಮೇಲೇಳಲಿಲ್ಲ. ಹುಡುಗಿಯರು ಹೋಗುವವರೆಗೂ ನೋಟಿಸ್ ಬೋರ್ಡಿನಲ್ಲಿದ್ದ ಪರೀಕ್ಷೆಯ ವೇಳಾಪಟ್ಟಿ ಓದುತ್ತಾ ನಿಂತ. ಆ ವೇಳಾಪಟ್ಟಿಯನ್ನು ಬೆಳಿಗ್ಗೆ ಅಲ್ಲಿ ಅಂಟಿಸಿದವನು ಅವನೇ.

ಹುಣಸೂರಿನ ಈ ಕಾಲೇಜಿನಲ್ಲಿ ಅವನು ಸಂಖ್ಯಾಶಾಸ್ತ್ರ ಹೇಳಿಕೊಡಲು ತೊಡಗಿ ಹತ್ತೊಂಬತ್ತು ವರ್ಷವಾಗಿತ್ತು. ನಾಲ್ಕು ತಿಂಗಳಿಂದ ಕಪ್ಪುಹಲಗೆಯ ಮೇಲರ್ಧದಲ್ಲಿ ಮಾತ್ರ ಬರೆಯುತ್ತಿದ್ದ. ಸೀಮೆಸುಣ್ಣ ಬಿದ್ದರೆ ಅದು ಕಾಲೇಜಿನದು, ಬಿದ್ದಲ್ಲೇ ಇರಲಿ ಎಂದು ಹೊಸದನ್ನು ತೆಗೆದುಕೊಳ್ಳುತ್ತಿದ್ದ. ಲೇಸು ಕಟ್ಟುವ ಬೂಟು ಬಿಟ್ಟು ಚಪ್ಪಲಿಗೆ ಬಂದಿದ್ದ. ಈಗ ಚಪ್ಪಲಿಯೂ ಅವನನ್ನು ಬಿಡುತ್ತಿತ್ತು.

ಮೊನ್ನೆ ಮೈಸೂರಿನಲ್ಲಿ ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು, ಸೊಂಟದ ಡಿಸ್ಕೊಂದು ಜಾರಿ ಹೊರಬಂದು ನರವನ್ನು ಒತ್ತಿಕೊಂಡಿದೆ ಎಂದಿದ್ದರು. ಶಶಿಕುಮಾರನಿಗೆ ಆ ಚಿತ್ರದಲ್ಲಿ ಏನೂ ಕಾಣಿಸಿರಲಿಲ್ಲ.

"ನೂರಕ್ಕೆ ತೊಂಬತ್ತು ಜನಕ್ಕೆ ಆಪರೇಷನ್ ಬೇಕಾಗೋದೇ ಇಲ್ಲ" ಎಂದರು ಡಾಕ್ಟರು.

"ನಾನೂ ಓದಿದ್ದೀನಿ ಡಾಕ್ಟ್ರೇ."

"ನೀವು ಉಳಿದ ಹತ್ತರಲ್ಲಿದ್ದೀರಿ."

ನಾಳೆ ಬೆಳಿಗ್ಗೆ ಆಪರೇಷನ್ನಿಗೆ ಒಂದು ಜಾಗ ಖಾಲಿ ಇತ್ತು. ಇವತ್ತು ಸಂಜೆ ಐದಕ್ಕೆ ಆಸ್ಪತ್ರೆಯಿಂದ ಫೋನ್ ಬರುತ್ತದೆ, ಹೂಂ ಅಥವಾ ಊಹೂಂ ಹೇಳಬೇಕು. ತಪ್ಪಿದರೆ ಇನ್ನು ಹನ್ನೆರಡು ದಿನ ಜಾಗವಿಲ್ಲ. ಅಷ್ಟರಲ್ಲಿ ಕಾಲಿನ ಗತಿ ಏನು ಎಂದು ಕೇಳಿದ್ದಕ್ಕೆ, ಸತ್ತ ನರ ತಿರುಗಿ ಬರುವುದು ಕಷ್ಟ ಎಂದು ಹೇಳಿ ಡಾಕ್ಟರು ಮುಂದಿನವರನ್ನು ಕರೆದಿದ್ದರು.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೂತಿದ್ದರು. ಶಶಿಕುಮಾರ್ ಬೀರುವಿಗೆ ಒರಗಿ ನಿಂತು ಜೇಬಿನಿಂದ ಒಂದು ಹಾಳೆ ತೆಗೆದ. ಅದರಲ್ಲಿ ನಾಲ್ಕು ಕಾಲಮ್ಮು. ಆಪರೇಷನ್, ಬೆನ್ನಿಗೆ ಇಂಜೆಕ್ಷನ್, ವ್ಯಾಯಾಮ, ಕುಟ್ಟದ ಗಡಿಯಾಚೆ ಕೇರಳದ ಎಣ್ಣೆ ಚಿಕಿತ್ಸೆ. ಪ್ರತಿಯೊಂದರ ಕೆಳಗೂ ಗುಣವಾಗುವ ಶೇಕಡಾವಾರು. ಎಲ್ಲವನ್ನೂ ಅಳೆದು ಸುರಿದು ಬರೆದದ್ದು. ಎರಡು ರಾತ್ರಿ ಕೂತು, ತಪ್ಪು, ನಿಂತು ಬರೆದದ್ದು. ಅದನ್ನು ನೋಡಿದರೆ ವಾಸಿಯಾಗದೆ ಉಳಿಯುವುದೇ ಅಸಾಧ್ಯವೆನ್ನಿಸುತ್ತಿತ್ತು. ಕಾಲು ಮಾತ್ರ ಅದನ್ನು ಓದಿರಲಿಲ್ಲ.

ಹೆಂಡತಿಗೆ ಫೋನ್ ಮಾಡಿದ. ಅನುಶ್ರೀ ಪಿರಿಯಾಪಟ್ಟಣದಲ್ಲಿ ಸರ್ಕಾರಿ ಸ್ಕೂಲಿನ ಟೀಚರು.

"ಏನು ಮಾಡಲಿ?"

"ನಾನೇನು ಹೇಳ್ಲಿ? ಇದನ್ನೆಲ್ಲ ಓದಿರೋರು ನೀವು."

"ನಾಳೆ ಬರ್ತೀಯಾ?"

"ಮೊದ್ಲು ನೀವು ತೀರ್ಮಾನ ಮಾಡ್ರೀ. ಆಮೇಲೆ ರಜ ಕೇಳ್ತೀನಿ." ಹಿಂದೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. "ಪುಸ್ತಕ ತಗೀರೋ" ಎಂದು ಅವಳು ಅತ್ತ ಕೂಗಿದಳು. ಇತ್ತ ಫೋನ್ ಕಟ್ಟಾಯಿತು.

ಟೀ ತಂದ ಅಟೆಂಡರ್ ಲಿಂಗಣ್ಣ ಲೋಟವನ್ನು ಬೀರುವಿನ ಮೇಲೇ ಇಟ್ಟ. ನಾಲ್ಕು ತಿಂಗಳಲ್ಲಿ ಅಷ್ಟು ಕಲಿತಿದ್ದ.

"ಯಾಕ್ ಸಾ ಕುಯ್ಸ್ಕತೀರಿ? ಕಾಲಲ್ ಉಟ್ಟಿರೋರ್ ತಾವ ಮೂರ್ ಸಲ ಒದುಸ್ಕಳಿ. ನಮ್ ಬಾವುಂಗೆ ಅಂಗೇ ಓಯ್ತು."

ತಲೆಗೆ ಬದಲು ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ. ಈ ಸೀಮೆಯಲ್ಲಿ ಇದನ್ನು ಕೇಳದೆ ಬೆಳೆದವರಿಲ್ಲ. ಶಶಿಕುಮಾರ್ ನಕ್ಕ. ನಗುವಿಗೂ ಸೊಂಟ ಚುಳ್ಳೆಂದು ಅರ್ಧಕ್ಕೇ ನಿಲ್ಲಿಸಿದ. ಹಾಗೆ ಹುಟ್ಟಿದವಳು ತನ್ನ ಸ್ವಂತ ತಂಗಿ ಎಂಬುದನ್ನು ಲಿಂಗಣ್ಣನಿಗೆ ಹೇಳಲಿಲ್ಲ.

ಶಾಂತಲಾಗೆ ಆರೇಳು ವರ್ಷವಾದಾಗಿನಿಂದಲೇ ಅವರ ಹುಟ್ಟೂರು ಬಿಳಿಕೆರೆಯ ಆಸುಪಾಸಿನವರೆಲ್ಲ ಮನೆಗೆ ಬರುತ್ತಿದ್ದರು. ಪಟೇಲರಂಥವರೂ ಬಂದು ಜಗುಲಿಯ ಮೇಲೆ, ಹೊಸ್ತಿಲಿನ ಮುಂದೆ ಅಡ್ಡಡ್ಡ ಬೋರಲು ಮಲಗುತ್ತಿದ್ದರು. ಲಂಗ ಎತ್ತಿ ಹಿಡಿದ ಹುಡುಗಿ ಎಡಗಾಲಿನಿಂದ ಮೂರು ಸಲ ಒದೆಯುತ್ತಿದ್ದಳು. ಆಮೇಲೆ ದೊಡ್ಡವರನ್ನು ಒದ್ದ ತಪ್ಪಿಗೆ ಅವರಿಗೇ ಕೈ ಮುಗಿದು, ಬಾಳೆಹಣ್ಣು ಇಸಿದುಕೊಂಡು ಒಳಗೆ ಓಡುತ್ತಿದ್ದಳು. ಪಿಯುಸಿಯಲ್ಲಿ ಮೊದಲ ದರ್ಜೆ ಬಂದ ವರ್ಷ ಶಶಿಕುಮಾರ್ ಅಪ್ಪನೆದುರು ನಿಂತು ಇದು ಮೂಢನಂಬಿಕೆ ಎಂದು ಭಾಷಣ ಬಿಗಿದಿದ್ದ. ಓದಿದ ಮಗನ ಮಾತು ಆ ಮನೆಯಲ್ಲಿ ಅವತ್ತಿನಿಂದ ನಡೆಯತೊಡಗಿತು.

ಮೂರು ಗಂಟೆಗೆ ಅರ್ಧ ದಿನದ ರಜ ಬರೆದುಕೊಟ್ಟು ಶಾಂತಲಾಳನ್ನು ಕೊಟ್ಟಿದ್ದ ಗಾವಡಗೆರೆಯ ಬಸ್ಸು ಹತ್ತಿದ. ಒದೆಸಿಕೊಳ್ಳಲು ಹೋಗುತ್ತಿಲ್ಲ, ಆಪರೇಷನ್ನಿಗೆ ಮುಂಚೆ ತಂಗಿಯನ್ನು ನೋಡಿ ಬರಲು ಹೋಗುತ್ತಿದ್ದೇನೆ ಎಂದುಕೊಂಡ. ಅವ್ವನ ತಿಥಿಯಿಂದೀಚೆಗೆ, ಅಂದರೆ ಒಂದು ವರ್ಷದಿಂದ, ಆ ಕಡೆ ತಲೆ ಹಾಕಿರಲಿಲ್ಲ.

"ಸೀಟೈತಲ್ಲ, ಕೂತ್ಕಳಿ" ಎಂದ ಕಂಡಕ್ಟರು.

"ಇರಲಿ."

"ಅಡ್ಡ ನಿಂತ್ರೆ ಜನ ಎಂಗೆ ಓಡಾಡದು?"

ಶಶಿಕುಮಾರ್ ಕಂಬವನ್ನು ಇನ್ನಷ್ಟು ತಬ್ಬಿಕೊಂಡ. ರಸ್ತೆಯ ಒಂದೊಂದು ಉಬ್ಬಿಗೂ ಸೊಂಟದಿಂದ ಹಿಮ್ಮಡಿಯವರೆಗೆ ಕಾದ ಕಂಬಿ ಎಳೆದಂತಾಗುತ್ತಿತ್ತು. ಹಿಮ್ಮಡಿಯಿಂದ ಮುಂದಕ್ಕೆ ಏನೂ ಇರಲಿಲ್ಲ. ಅವನಿಗೆ ಹೆದರಿಕೆಯಾಗಿದ್ದು ಆ ಏನೂ ಇಲ್ಲದಿರುವುದಕ್ಕೆ.

ಅವ್ವನಿಗೆ ಸೊಂಟ ಹಿಡಿದದ್ದು ನಾಲ್ಕು ವರ್ಷದ ಹಿಂದೆ. ಆಗ ಅವಳು ಶಾಂತಲಾಳ ಮನೆಯಲ್ಲಿದ್ದಳು. ಮೈಸೂರಿನ ಡಾಕ್ಟರೊಬ್ಬರು ಆಪರೇಷನ್ ಆಗಬೇಕು ಎಂದಾಗ ಶಾಂತಲಾ ಅಣ್ಣನಿಗೆ ಫೋನ್ ಮಾಡಿ ಕೇಳಿದ್ದಳು. ಅವನು ನಿಂತ ನಿಲುವಿನಲ್ಲೇ ಉತ್ತರ ಕೊಟ್ಟಿದ್ದ. ನೂರಕ್ಕೆ ತೊಂಬತ್ತು ಕೇಸು ತಾನಾಗಿಯೇ ವಾಸಿಯಾಗುತ್ತೆ. ಎಪ್ಪತ್ತು ದಾಟಿದವರ ಬೆನ್ನು ಕೊಯ್ಯಿಸಬಾರದು. ವ್ಯಾಯಾಮ ಮಾಡಿಸು. ಆವತ್ತು ಹಾಳೆಯೂ ಬೇಕಾಗಿರಲಿಲ್ಲ, ಕಾಲಮ್ಮೂ ಬೇಕಾಗಿರಲಿಲ್ಲ.

ಆಮೇಲೆ ಇನ್ನೊಂದು ಸಲ ಫೋನ್ ಬಂದಿತ್ತು. "ಅಣ್ಣ, ಅವ್ವನ ಕಾಲಿಂದ ಚಪ್ಲಿ ಬಿದ್ದೋಯ್ತದೆ. ಬಿದ್ದಿದ್ದೇ ಗೊತ್ತಾಗಕಿಲ್ಲ ಅವಳ್ಗೆ."

"ಹಿಂದೆ ಪಟ್ಟಿ ಇರೋದು ಕೊಡ್ಸು. ಬೀಳಲ್ಲ" ಎಂದಿದ್ದ ಅವನು. ಅವಸರದಲ್ಲಿದ್ದ. ಪರೀಕ್ಷೆ ನಡೆಯುತ್ತಿತ್ತು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ. ಅವ್ವ ಮೂರು ವರ್ಷ ನೆಲದಲ್ಲಿ ತೆವಳಿ ಸತ್ತಳು. ಈಗ ತನ್ನ ಚಪ್ಪಲಿ ಬಿದ್ದಾಗ ಮಾತ್ರ ಅವನಿಗೆ ಆ ಹತ್ತು ಮಂದಿ ನೆನಪಾದರು. ಅವ್ವನಿಗೆ ಬೇಡವೆಂದದ್ದನ್ನು ತನಗೆ ಬೇಕೆನ್ನಲು ಬಾಯಿ ಬರುತ್ತಿರಲಿಲ್ಲ. ಬೇಡವೆನ್ನಲು ಕಾಲು ಬಿಡುತ್ತಿರಲಿಲ್ಲ. ಶಾಂತಲಾ ಬೈದರೆ ಸಾಕು, ಒದ್ದರೆ ಇನ್ನೂ ಒಳ್ಳೆಯದು, ಹಾಳಾಗಿ ಹೋಗಿ ಮಾಡಿಸ್ಕೋ ಎಂದುಬಿಟ್ಟರೆ ಐದು ಗಂಟೆಗೆ ಹೂಂ ಎನ್ನಬಹುದು. ಅವನು ಬಸ್ಸಿನಲ್ಲಿ ನಿಂತು ಆಸೆಪಟ್ಟದ್ದು ಇಷ್ಟನ್ನೇ.

ಬಸ್ಸಿಳಿದು ಮನೆ ಮುಟ್ಟುವುದಕ್ಕೆ ಕಾಲು ಗಂಟೆ ಹಿಡಿಯಿತು. ಬೆಂಕಿ ಹಾಕಿ ಒಣಗಿಸುವ ಬ್ಯಾರನ್‌ ಗೂಡುಗಳಲ್ಲಿ ಹೊಗೆಸೊಪ್ಪು ಬೇಯುವ ವಾಸನೆ ಊರಿಗೆಲ್ಲ ಹಬ್ಬಿತ್ತು. ಶಾಂತಲಾ ಅಂಗಳದಲ್ಲಿ ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದಳು. ಅವನನ್ನು ಕಂಡು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಬನ್ನಿ ಅಣ್ಣ."

ಮೊದಲೆಲ್ಲ ಬಾ ಎನ್ನುತ್ತಿದ್ದಳು.

"ನಟರಾಜು ಇಲ್ವಾ?" ಎಂದು ಅವಳ ಗಂಡನನ್ನು ವಿಚಾರಿಸಿದ.

"ಬ್ಯಾರನ್ ತಾವ ಅವ್ರೆ. ಬೆಂಕಿ ಬುಟ್ ಬರಂಗಿಲ್ಲ." ಅವಳ ಕಣ್ಣು ಅವನ ಕಾಲಿಗಿಳಿಯಿತು. "ಒಂದ್ ಚಪ್ಲಿ ಎಲ್ಲಿ?"

ಅವನೂ ನೋಡಿಕೊಂಡ. ಎಡಪಾದ ಬರಿದಾಗಿತ್ತು. ಬೆರಳಸಂದಿನಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು.

"ಎಲ್ಲೋ ಬಿತ್ತು."

"ಗೊತ್ತಾಗ್ನಿಲ್ವಾ?"

"ಇಲ್ಲ."

ಶಾಂತಲಾ ಆ ಕಾಲನ್ನೇ ನೋಡುತ್ತಾ ನಿಂತಳು. ಆಮೇಲೆ ಒಳಗೆ ಹೋಗಿ ಕಾಫಿ ತಂದಳು. ಅವನು ಜಗುಲಿಯ ಕಂಬಕ್ಕೆ ಒರಗಿ ಕುಡಿದ. ಕೂತ್ಕಳಿ ಎಂದು ಅವಳು ಹೇಳಲಿಲ್ಲ. ಈ ರೋಗದ ರೀತಿ ನೀತಿ ಅವಳಿಗೆ ಗೊತ್ತಿತ್ತು.

"ನಾಳೆ ಆಪರೇಷನ್‌ಗೆ ಬಾ ಅಂತಿದಾರೆ" ಎಂದ.

"ಹೂಂ."

"ಐದಕ್ಕೆ ಫೋನ್ ಮಾಡ್ತಾರೆ. ಏನು ಹೇಳೋದೋ ಗೊತ್ತಾಗ್ತಿಲ್ಲ."

"ನಿಮ್ಗೆ ತಿಳೀದಾ?"

ಬೈಗುಳವಾಗಿದ್ದರೆ ಸಮಾಧಾನವಾಗುತ್ತಿತ್ತು. ಅವಳು ನಿಜವಾಗಿಯೇ ಕೇಳಿದ್ದಳು.

"ಪುಟ್ಟಿ, ನೀನು ಈಗಲೂ ಅದನ್ನ ಮಾಡ್ತೀಯಾ?"

"ಯಾವ್ದ?"

"ಅದೇ. ಕಾಲಲ್ಲಿ."

"ನೀವು ನಂಬಕಿಲ್ವಲ್ಲ."

"ನಂಬ್ತೀನಿ ಅಂತಲ್ಲ."

"ಮತ್ತೆ?"

ಶಾಂತಲಾ ಉತ್ತರಕ್ಕೆ ಕಾಯದೆ ಲೋಟ ಇಸಿದುಕೊಂಡು ಒಳಗೆ ಹೋದಳು. ಕ್ಯಾನಿಗೆ ಹಾಲು ಸುರಿಯುವ ಸದ್ದು ಕೇಳಿಸಿತು. ಹಟ ಬಂತು ಅವನಿಗೆ. ಕಂಬ ಹಿಡಿದು ಒಂದು ಮಂಡಿ ಊರಿದ, ಇನ್ನೊಂದು ಊರಿದ, ಅಂಗೈ ಊರಿದ. ಕಣ್ಣಲ್ಲಿ ನೀರು ಬಂತು. ಹೊಸ್ತಿಲಿನ ಮುಂದೆ ಅಡ್ಡಡ್ಡ ಬೋರಲು ಮಲಗಿ, ಅಂಗಿಯನ್ನು ಬೆನ್ನ ಮೇಲಕ್ಕೆ ಎಳೆದುಕೊಂಡು, ಕೆನ್ನೆಯನ್ನು ನೆಲಕ್ಕೆ ಹಚ್ಚಿದ. ಎಂ.ಎಸ್ಸಿ. ಎರಡನೇ ರ್‍ಯಾಂಕು.

ಒಳಗಿನಿಂದ ಬಂದ ಪಾದಗಳು ಹೊಸ್ತಿಲಿನಾಚೆ ನಿಂತವು. ಅಗಲವಾದ, ಒಡೆದ ಪಾದಗಳು.

"ಏಳಿ ಅಣ್ಣ. ಯಾರಾರ ನೋಡಿದ್ರೆ ಏನಂದ್ಕತಾರೆ?"

"ಏಳಕ್ಕಾಗಲ್ಲ. ಒದ್ದುಬಿಡು. ಮೂರೇ ಸಲ."

ಕ್ಯಾನು ನೆಲಕ್ಕೆ ಕೂತಿತು.

"ಅವ್ವನ್ನೂ ಒದ್ದೆ ಕಣಣ್ಣ" ಎಂದಳು. ದನಿ ಏರಲಿಲ್ಲ. "ಮೂರ್ ವರ್ಸ. ದಿನಾ ಒತ್ತಾರೆ. ಇದೇ ಜಾಗದಲ್ಲಿ. 'ಆಪ್ರೇಸನ್ ಬ್ಯಾಡ ಅಂದವ್ನೆ ನಿಮ್ಮಣ್ಣ, ಅವನ್ಗೆ ತಿಳೀತದೆ, ನೀನೇ ಒದಿ ಮಗ' ಅನ್ನೋಳು. ಎತ್ತ ತಾಯ್ನೇ ಒದ್ದೆ. ಒದ್ದು ಕೈ ಮುಗ್ಯೋದು, ಒದ್ದು ಕೈ ಮುಗ್ಯೋದು. ಕೊನ್ಕೊನೆಗೆ ನಾನ್ ಒದ್ರೂ ಅವಳ್ಗೆ ಗೊತ್ತಾಯ್ತಿರ್ನಿಲ್ಲ. 'ಒದ್ದ್ಯಾ ಮಗ?' ಅಂತ ಕೇಳೋಳು."

ಅವನು ಏನೋ ಹೇಳಲು ಹೋದ. ಬಾಯಿಗೆ ಮಣ್ಣು ಹತ್ತಿತು.

"ಅವ್ಳ್ ಸತ್ ಮ್ಯಾಕೆ ಯಾರ್ಗೂ ಕಾಲೆತ್ನಿಲ್ಲ. ನಿನ್ಗೂ ಎತ್ತಕಿಲ್ಲ." ಕ್ಯಾನು ಎತ್ತಿಕೊಂಡು, ಹಿತ್ತಿಲ ಬಾಗಿಲಿನಿಂದ ಹೊರಟಳು. "ಡೈರಿ ಮುಚ್ಬುಡ್ತಾರೆ. ಆಲ್ ಆಕಿ ಬತ್ತೀನಿ. ಬಂದ್ ಎಬ್ಬುಸ್ತೀನಿ ಇರು."

ಶಶಿಕುಮಾರ್ ಮಲಗಿಯೇ ಇದ್ದ. ಬೇರೆ ದಾರಿ ಇರಲಿಲ್ಲ. ಕೋಳಿಯೊಂದು ಬಂದು ಅವನ ಕಿವಿಯ ಹತ್ತಿರ ಕೆದಕಿ, ಏನೂ ಸಿಗದೆ ಹೋಯಿತು. ಬೆನ್ನಿಗೆ ಗಾಳಿ ತಾಗುತ್ತಿತ್ತು. ಅಳು ಬಂತು. ಅತ್ತರೆ ಸೊಂಟ ಅಲುಗುತ್ತಿತ್ತು, ಅದಕ್ಕೇ ಅಳುವನ್ನೂ ಹಿಡಿದುಕೊಂಡ.

ಎದೆಯ ಕೆಳಗೆ, ಅಂಗಿಯ ಜೇಬಿನಲ್ಲಿ, ಫೋನ್ ಅದುರತೊಡಗಿತು. ಐದು ಗಂಟೆ. ಮೊಣಕೈ ಊರಿ ಮೇಲೇಳಲು ನೋಡಿದ. ಆಗಲಿಲ್ಲ. ಮಗ್ಗುಲಾಗಲು ನೋಡಿದ. ಅದೂ ಆಗಲಿಲ್ಲ. ಕೈಯನ್ನು ಎದೆಯಡಿಗೆ ತೂರಿಸಿದ, ಬೆರಳು ಜೇಬಿನ ಅಂಚಿಗೆ ತಾಗಿತು. ಫೋನ್ ನಿಂತಿತು. ಮತ್ತೆ ಅದುರಿತು. ಮತ್ತೆ ನಿಂತಿತು. ಆಮೇಲೆ ಅದುರಲಿಲ್ಲ.

ಬೀದಿಯ ಕಡೆಯಿಂದ ಕ್ಯಾನಿನ ಖಾಲಿ ಸದ್ದು ಹತ್ತಿರವಾಯಿತು. ಶಾಂತಲಾ ಜಗುಲಿ ಹತ್ತಿ ಅವನ ಪಕ್ಕದಲ್ಲಿ ನಿಂತಳು. ಅವನ ಮುಖದ ಮುಂದೆ, ಒಂದು ಗೇಣು ದೂರದಲ್ಲಿ, ಎಡಗಾಲಿನ ಚಪ್ಪಲಿಯನ್ನು ಇಟ್ಟಳು. ಅದಕ್ಕೆ ಮೆತ್ತಿದ್ದ ಮಣ್ಣನ್ನು ಎಲ್ಲೋ ಹುಲ್ಲಿಗೆ ಒರೆಸಿ ತಂದಿದ್ದಳು.

"ದಾರೀಲ್ ಬಿದ್ದಿತ್ತು. ಇಂದೆ ಪಟ್ಟಿ ಇರೋದ್ ತಗಳಿ ಅಣ್ಣ. ಬೀಳಕಿಲ್ಲ."

ಅವಳ ಎಡಗಾಲು ನೆಲ ಬಿಟ್ಟು ಮೇಲೆದ್ದಿತು. ಶಶಿಕುಮಾರ್ ಕಣ್ಣು ಮುಚ್ಚಿ ಉಸಿರು ಬಿಗಿಹಿಡಿದ. ಕಾಲು ಅವನ ಬೆತ್ತಲೆ ಬೆನ್ನನ್ನು ಸೋಕದ ಹಾಗೆ ಜೋಪಾನವಾಗಿ ದಾಟಿ, ಹೊಸ್ತಿಲಿನಾಚೆ ಇಳಿಯಿತು. ಇನ್ನೊಂದು ಕಾಲೂ ದಾಟಿತು. ಒಳಗೆ ದೀಪದ ಸ್ವಿಚ್ಚು ಒತ್ತಿದ ಸದ್ದಾಯಿತು.

ಅವನು ಉಸಿರು ಬಿಡಲಿಲ್ಲ. ಅವಳು ಒದೆಯಲೇ ಇಲ್ಲವೋ, ಒದ್ದದ್ದು ತನಗೆ ಗೊತ್ತಾಗಲಿಲ್ಲವೋ.

"ಒದ್ದ್ಯಾ?" ಎಂದು ಕೇಳಿದ.