ಏಳನೇ ಮೆಟ್ಟಿಲು

ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಹೆಂಗಸರ ಕೈಗೆ ಚುಚ್ಚಿದ ಹತ್ತು ಸೂಜಿಗಳ ದಾಖಲೆಯನ್ನು ಕಚೇರಿ ಅಳಿಸಿತು.

ಅಳಿಸಲು ಯಾರೂ ಕೆಳಗಿಳಿದು ಬರಲಿಲ್ಲ. ಮೇಲೆ ಒಂದು ಬೆರಳು ಆಡಿತು, ಅಷ್ಟೇ. ಪಾಳಿ ಮುಗಿಸಿದ ಹೆಂಗಸರು ಒಬ್ಬೊಬ್ಬರಾಗಿ ನೆಲಮಾಳಿಗೆಯ ಮೆಟ್ಟಿಲು ಹತ್ತಿದರು. ಏಳನೇ ಮೆಟ್ಟಿಲಲ್ಲಿ ನೆಟ್‌ವರ್ಕ್ ಸಿಕ್ಕಿತು. ಅವರವರ ಕೈಯಲ್ಲಿದ್ದ ಆಫೀಸ್ ಫೋನುಗಳೊಳಗಿನ ಸಾಲುಗಳು ಹಬೆ ಆರಿದಂತೆ ಆರಿಹೋದವು.

ಬಟ್ಟೆಯೊಳಗೆ ಉಳಿದ ಸೂಜಿ ಚುಚ್ಚಿದಾಗ ಯಾವ ಮೂಟೆಯದೆಂದು ಬರೆದಿಡುವ ಆ್ಯಪ್ ಕಟ್ಟಿಕೊಟ್ಟವಳು ತಂಗಿ. ಅಕ್ಕ ಅಲ್ಲೇ ಹನ್ನೆರಡು ವರ್ಷದಿಂದ ಬಟ್ಟೆ ಮಡಚುವವಳು. ಕಟ್ಟುವಾಗ ತಂಗಿಯ ಮುಂದೆ ಮೂರು ದಾರಿಗಳಿದ್ದವು. ಎಲ್ಲವನ್ನೂ ಫೋನಿನಲ್ಲೇ ಇಟ್ಟರೆ, ಫೋನು ತೊಟ್ಟಿಗೆ ಬಿದ್ದ ದಿನ ಎಲ್ಲ ನೀರುಪಾಲು. ಕ್ಲೌಡಿನಲ್ಲೇ ಇಟ್ಟರೆ, ನೆಟ್‌ವರ್ಕ್ ಇಳಿಯದ ಆ ನೆಲಮಾಳಿಗೆಯಲ್ಲಿ ಒಂದಕ್ಷರವೂ ಮೂಡದು. ಎಲ್ಲರ ಸಾಲುಗಳನ್ನೂ ಪ್ರತಿ ಫೋನಿನಲ್ಲೂ ಕ್ಲೌಡಿನಲ್ಲೂ ಇಟ್ಟು, ನೆಟ್‌ವರ್ಕ್ ಸಿಕ್ಕಾಗ ಸಿಂಕ್ ಮಾಡುವುದೇ ಜಾಣತನವೆಂದುಕೊಂಡಳು. ಮೇಲಿನದಕ್ಕೂ ಕೆಳಗಿನದಕ್ಕೂ ತಾಳೆಯಾಗದಿದ್ದರೆ? ಕೊನೆಗೆ ಬರೆದವರದೇ ಸರಿ ಎಂದು ಒಂದು ಸಾಲಿನ ನಿಯಮ ಹಾಕಿ ಚಹಾಕ್ಕೆ ಎದ್ದಿದ್ದಳು. ಕೊನೆಗೆ ಬರೆಯುವವರು ಸದಾ ಕುರ್ಚಿಯಲ್ಲಿ ಕೂತವರೇ ಎಂಬುದು ಓದಿದ ತಲೆಗೆ ಹೊಳೆದಿರಲಿಲ್ಲ.

ಅದೇ ಪಾಳಿಯಲ್ಲಿ ಚುಚ್ಚಿದ ಹನ್ನೊಂದನೇ ಸೂಜಿ ಅಕ್ಕನದು. ಮೂಟೆಯ ಸಂಖ್ಯೆ ಬರೆದವಳೇ ಕಣ್ಣು ಕತ್ತಲೆ ಬಂದು ಬಿದ್ದಳು. ಮೇಲಿನ ವಾರ್ಡಿಗೆ ಹೊತ್ತುಕೊಂಡು ಹೋದರು. ಅವಳ ಫೋನು ಮಾತ್ರ ಅಲ್ಲೇ ಉಳಿಯಿತು.

"ಯಾವ ಮೂಟೆ ಅಂತ ಗೊತ್ತಾದ್ರೆ ಯಾರ ರಕ್ತ ಅಂತ ಗೊತ್ತಾಗುತ್ತೆ. ಆಗ ಸರಿಯಾದ ಔಷಧಿ ಕೊಡಬಹುದು," ಎಂದರು ಡಾಕ್ಟರು.

"ಸಂಖ್ಯೆ ನೆನಪಿಟ್ಕೊಳ್ಳೋಕೇ ಅಲ್ವೇನೇ ನೀನು ಆ ಡಬ್ಬ ಮಾಡಿಕೊಟ್ಟಿದ್ದು?" ಎಂದು ಬಾತ ಕೈಯನ್ನು ಎದೆಗೊತ್ತಿಕೊಂಡೇ ನಕ್ಕಳು ಅಕ್ಕ.

ಮೂರನೇ ದಿನ ಮಧ್ಯಾಹ್ನ ತಂಗಿ ಮೊದಲ ಸಲ ಆ ಮೆಟ್ಟಿಲಿಳಿದಳು. ಕೆಳಗೆ ಹೊತ್ತು ನಿಂತಂತಿತ್ತು. ಹಬೆಯಲ್ಲಿ ಬಿಳಿ ಬಟ್ಟೆಗಳು ನಿದ್ದೆಯಲ್ಲಿ ಉಸಿರಾಡುವಂತೆ ಏಳುತ್ತಿದ್ದವು, ಬೀಳುತ್ತಿದ್ದವು. ಯಂತ್ರಗಳ ಗುಡುಗುಡು ದೂರದ ಯಾವುದೋ ಕಡಲಿನದು. ಹೆಂಗಸರು ಅರ್ಧ ಕರಗಿದವರಂತೆ ತೇಲಿ ಬಂದು, ಅಕ್ಕನ ಫೋನು ಹುಡುಕಲು ಸೇರಿದರು. ಮಡಚಿಟ್ಟ ರಾಶಿಯ ನಡುವೆ, ಗೂಡಿನ ಮರಿಯಂತೆ ಬೆಚ್ಚಗೆ ಮಲಗಿತ್ತು ಫೋನು. ಚಾರ್ಜಿಗೆ ಹಾಕಿದಾಗ ಹಬೆಯೊಳಗೆ ನೀಲಿ ಬೆಳಕು ಕಣ್ಣು ಬಿಟ್ಟಿತು. ಏಳನೇ ಮೆಟ್ಟಿಲು ಮುಟ್ಟದ ಫೋನು. ಹನ್ನೊಂದು ಸಾಲೂ ಇದ್ದವು.

"ನನ್ನ ಎಡಗೈದು ಇಲ್ಲೇ ಐತಲ್ಲೇ!" ಎಂದಳು ಇಸ್ತ್ರಿಯ ಮುದುಕಿ, ಕಳೆದ ಒಡವೆ ಸಿಕ್ಕವಳಂತೆ.

ತಂಗಿ ಅಕ್ಕನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಒಬ್ಬಳ ಕೈಲಿ ಡಾಕ್ಟರಿಗೆ ಕಳಿಸಿದಳು. ಚೀಟಿ ಒಯ್ದವಳು ಹತ್ತಿಹೋದ ಬೆನ್ನಿಗೇ ಕಚೇರಿಯ ಮೇಲ್ವಿಚಾರಕ ಇಳಿದು ಬಂದ. ಅಂಗಿಯ ಗೆರೆ ಎಂದೂ ಮುರಿಯದ ಅವನಿಗೆ ಹೆಂಗಸರಿಟ್ಟ ಹೆಸರು ಗಂಜಿರಾಯ.

"ನಿಮ್ಮಕ್ಕನ ನಂಬರ್ ಸಿಕ್ತಲ್ಲಮ್ಮ, ಇನ್ನೇನು? ಆ ಫೋನ್ ಮೇಲೆ ತಗೊಂಡು ಬಾ. ಸಿಂಕ್ ಆಗಿಬಿಡ್ಲಿ."

"ಆದ್ರೆ ಮಿಕ್ಕ ಹತ್ತು?"

"ಮಿಕ್ಕಿದ್ದು ನಿನಗ್ಯಾಕೆ? ರೂಲು ನೀನೇ ಹಾಕಿದ್ದು. ಕೊನೆಗೆ ಬರೆದವರದೇ ಸರಿ."

"ನೀನೂ ಒಂದ್ ಮೂಟೆ ಬಿಚ್ಚಿ ನೋಡಪ್ಪ, ಗಂಜಿರಾಯ," ಎಂದಿತು ಹಬೆಯೊಳಗಿನ ಒಂದು ದನಿ. "ಆಮೇಲ್ ಬರೀವಂತೆ."

ನಗು ಹಬೆಯಲ್ಲೇ ಉರುಳಾಡಿತು. ಅವನು ಏಳನೇ ಮೆಟ್ಟಿಲಲ್ಲಿ ನಿಂತು ಕೈ ಚಾಚಿದ.

"ಹತ್ತಿ ಬಾ ಅಂದೆ."

ತಂಗಿ ಫೋನನ್ನು ಮಡಿಲಿಗೆ ಹಾಕಿಕೊಂಡು, ಅಕ್ಕ ಮಡಚಿಟ್ಟ ಬಟ್ಟೆಯ ರಾಶಿಯ ಮೇಲೆ ಕುಳಿತಳು. ಹೆಂಗಸರು ಸುತ್ತ ಬಂದು ಕುಳಿತರು.

"ನೋಡಬೇಕಾದವರು ಇಳಿದು ಬರಲಿ," ಎಂದಳು. "ನಾನು ಹತ್ತಲ್ಲ."