ಹಿಮನದಿಯ ಮುಂದೆ ಲಕ್ಷ್ಮೀನರಸಮ್ಮ

ಲಕ್ಷ್ಮೀನರಸಮ್ಮನವರಿಗೆ ಕಣ್ಣಿಗಿಂತ ಹಲ್ಲಿನ ಮೇಲೆ ಹೆಚ್ಚು ನಂಬಿಕೆ. ಚಿಕ್ಕಬಳ್ಳಾಪುರದ ಹಳೇ ಬಸ್ ನಿಲ್ದಾಣದ ಹಿಂದಿದ್ದ ಅವರ ತರಕಾರಿ ಬೀಜದ ಅಂಗಡಿಗೆ ಯಾವ ಕಂಪನಿಯ ಪ್ರತಿನಿಧಿ ಬಂದು, ಎಂಥ ನುಣುಪಾದ ಚಿತ್ರಪಟಗಳನ್ನು ಹರವಿ, ಹೊಸ ತಳಿಯ ಗುಣಗಾನವನ್ನು ಎಷ್ಟೇ ಹೊತ್ತು ಮಾಡಿದರೂ, ಅವರು ಎಲ್ಲವನ್ನೂ ಸಾವಧಾನವಾಗಿ ಕೇಳಿಸಿಕೊಂಡು, ಕಡೆಗೆ ಔಷಧಿ ಸವರದ ಒಂದು ಕಾಳನ್ನು ಬೇಡಿ ಪಡೆದು, ಮುಂಬಲ್ಲುಗಳ ನಡುವೆ ಇಟ್ಟು ಕಟಕ್ಕನೆ ಕಡಿಯುತ್ತಿದ್ದರು. ಆ ಸದ್ದಿನಲ್ಲೇ ಬೀಜದ ಜಾತಕವೆಲ್ಲ ಅವರಿಗೆ ತಿಳಿದುಬಿಡುತ್ತಿತ್ತು. ಕಡಿದದ್ದನ್ನು ಬಾಗಿಲಾಚೆ ಉಗಿದು ಬಂದ ಮೇಲೆಯೇ ವ್ಯಾಪಾರದ ಮಾತು. "ಕಥೆ ಬ್ಯಾಡ, ಮಾಲು ತೋರ್ಸಪ್ಪ" ಎಂಬುದು ಅವರ ಬದುಕಿನ ಪಲ್ಲವಿ; ಒಮ್ಮೆ ಅಂಗಡಿಗೆ ಬಂದು ಅವರ ಅಂಗೈ ಹಿಡಿದುಕೊಂಡ ಜ್ಯೋತಿಷಿಗೂ ಅವರು ಹಾಗೆಯೇ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಕುಳ್ಳು ದೇಹ, ಚುರುಕು ನಡಿಗೆ. ಅದೃಶ್ಯವಾದ ಮೂಟೆಯೊಂದನ್ನು ಸದಾ ಹೊತ್ತಂತೆ ಎಡಭುಜ ತುಸು ಓರೆ. ಸೀರೆಯ ಮೇಲೆ, ಚಳಿಗಾಲವಿರಲಿ ಬೇಸಗೆಯಿರಲಿ, ಗಂಡಸರ ಕಂದು ಉಣ್ಣೆಯ ಕೋಟು. ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಟಿಬೆಟನ್ನರಿಂದ ಎಂದೋ ಕೊಂಡ ಆ ಕೋಟನ್ನು ಅವರು ತೊಡುತ್ತಿದ್ದುದು ಚಳಿಗಲ್ಲ, ಜೇಬುಗಳಿಗಾಗಿ. ಒಂದರಲ್ಲಿ ಹುರುಳಿಕಾಯಿ ಬೀಜ, ಇನ್ನೊಂದರಲ್ಲಿ ಟೊಮೆಟೊ, ಒಳಜೇಬಿನಲ್ಲಿ ಕನ್ನಡಕ ಮತ್ತು ಏಲಕ್ಕಿ. ಗಂಡ ಚೆನ್ನರಾಯಪ್ಪ ತೀರಿಕೊಂಡ ಮೇಲೆ ಅಂಗಡಿ ಮುಚ್ಚುತ್ತದೆಂದು ಪೇಟೆಯವರೆಲ್ಲ ಎಣಿಸಿದ್ದರು. ಆದರೆ ಆ ಕೋಟು ಪ್ರತಿ ಮುಂಜಾನೆ ಗಲ್ಲಾದ ಹಿಂದೆ ಕಾಣಿಸಿಕೊಳ್ಳತೊಡಗಿ, ಕ್ರಮೇಣ ಜನರು ಅಂಗಡಿಯನ್ನೇ ಕೋಟಮ್ಮನ ಅಂಗಡಿ ಎನ್ನತೊಡಗಿದರು.

ಎರಡು ಸಾವಿರದ ಆರನೆಯ ಇಸವಿಯಲ್ಲಿ ಒಂದು ಬೀಜದ ಕಂಪನಿಯು ತನ್ನ ಮಾಲನ್ನು ಚೆನ್ನಾಗಿ ಮಾರಿದ ವ್ಯಾಪಾರಿಗಳನ್ನು ನ್ಯೂಜಿಲೆಂಡಿಗೆ ಕರೆದೊಯ್ದಿತು. ತಂಡದಲ್ಲಿ ಹೆಂಗಸೆಂದರೆ ಇವರೊಬ್ಬರೇ. ಅಲ್ಲಿನ ವಿಮಾನ ನಿಲ್ದಾಣದಲ್ಲೇ ಮೊದಲ ಪ್ರಸಂಗ ನಡೆಯಿತು. ಆ ದೇಶದವರಿಗೆ ಹೊರಗಿನ ಬೀಜವೆಂದರೆ ಹೊರಗಿನ ರೋಗವೆಂದೇ ಭಯ. ಅಧಿಕಾರಿಣಿಯೊಬ್ಬಳು ಕೋಟನ್ನು ಮೇಜಿನ ಮೇಲೆ ಹಾಸಿ, ಜೇಬುಗಳ ಒಳಮೈ ಹೊರಗೆಳೆದು, ಹೊಲಿಗೆಯ ಸಂದಿನಲ್ಲಿ ಅಡಗಿದ್ದ ಟೊಮೆಟೊ ಬೀಜಗಳನ್ನು ಇಕ್ಕಳದಿಂದ ಹೆಕ್ಕಿ ತೆಗೆದಳು. ತಂಡದ ಮೇಲ್ವಿಚಾರಕ ಚನ್ನಕೇಶವ ನಾಚಿಕೆಯಿಂದ ಬೆವರುತ್ತಿದ್ದರೆ ಲಕ್ಷ್ಮೀನರಸಮ್ಮನವರು ಮಾತ್ರ, ತಮ್ಮ ಕಸುಬಿಗೆ ಇಷ್ಟೊಂದು ಮರ್ಯಾದೆ ಕೊಡುವ ಜನರನ್ನು ಮೊದಲ ಸಲ ಕಂಡವರಂತೆ, ಆ ಹುಡುಗಿಯ ಬೆರಳುಗಳನ್ನೇ ಮೆಚ್ಚಿ ನೋಡುತ್ತಿದ್ದರಂತೆ.

ಬೀಜದ ತೋಟಗಳನ್ನು ನೋಡುತ್ತ ತಿರುಗುವಾಗ ಅವರ ಗಮನ ಸೆಳೆದದ್ದು ಬೆಳೆಯಲ್ಲ, ಕಾಲುವೆ. ಅಲ್ಲಿಗೆ ನಡುಬೇಸಗೆಯಾದ ಫೆಬ್ರವರಿಯ ಸುಡುಬಿಸಿಲಿನಲ್ಲೂ ಅದು ದಡ ತುಂಬಿ ಹರಿಯುತ್ತಿತ್ತು. ಈ ನೀರು ಎಲ್ಲಿಂದ ಬರುತ್ತದೆಂದು ಕೇಳಿದರು. ನದಿಯಿಂದ ಎಂದರು. ನದಿ ಎಲ್ಲಿಂದ ಎಂದು ಮತ್ತೆ ಕೇಳಿದರು. ತೋಟದ ಯಜಮಾನ ದಿಗಂತದಲ್ಲಿ ಬೆಳ್ಳಗೆ ಹಲ್ಲುಬಿಟ್ಟಿದ್ದ ಪರ್ವತಸಾಲಿನತ್ತ ಕೈ ತೋರಿಸಿದ. ಅಲ್ಲಿ ಹಿಮನದಿಗಳಿವೆ, ಬೇಸಗೆಯಲ್ಲಿ ಅವು ಕರಗಿ ಇಳಿಯುತ್ತವೆ, ಬೇಕಾದರೆ ದೋಣಿಯಲ್ಲಿ ಹೋಗಿ ಹತ್ತಿರದಿಂದ ನೋಡಬಹುದು ಎಂದು ಚನ್ನಕೇಶವ ಕನ್ನಡದಲ್ಲಿ ವಿವರಿಸಿದ.

ನಂದಿಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಹುಟ್ಟಿದ ಹೆಂಗಸು ಅವರು. ಪಿನಾಕಿನಿ, ಪಾಲಾರ್, ಚಿತ್ರಾವತಿ ಎಂದು ಆ ಬೆಟ್ಟಗಳಲ್ಲಿ ಹುಟ್ಟುವ ನದಿಗಳ ಹೆಸರನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದರು. ಒಂದಾದರೂ ಬೇಸಗೆಯಲ್ಲಿ ಹರಿದದ್ದನ್ನು ಕಂಡಿರಲಿಲ್ಲ. ನದಿಯ ಮೂಲವೆಂಬುದು ಅವರ ಪಾಲಿಗೆ ಮಾಲು ತೋರಿಸದ ಕಥೆಯಾಗಿಯೇ ಉಳಿದಿತ್ತು.

ಬಿಡುವಿನ ದಿನ ಬಂದಾಗ ಉಳಿದವರೆಲ್ಲ ಪೇಟೆ ಸುತ್ತಲು ಹೊರಟರು. ಲಕ್ಷ್ಮೀನರಸಮ್ಮನವರು ಹೋಟೆಲಿನ ಹುಡುಗಿಗೆ ಗೋಡೆಯ ಮೇಲಿನ ಹಿಮದ ಚಿತ್ರವನ್ನು ತೋರಿಸಿ, ತಮ್ಮ ಎದೆ ಮುಟ್ಟಿಕೊಂಡು, ಪ್ರವಾಸಿ ಬಸ್ಸಿನಲ್ಲಿ ಆಗಲೇ ಸೀಟು ಹಿಡಿಸಿದ್ದರು. ಚನ್ನಕೇಶವ ಗಾಬರಿಯಾದ. ಭಾಷೆ ಬಾರದು, ಈಜು ಬಾರದು, ಒಬ್ಬರೇ ಹೇಗೆ ಹೋಗುತ್ತೀರಿ ಎಂದು ಅಂಗಲಾಚಿದ. ಚಿಂತಾಮಣಿಯ ವ್ಯಾಪಾರಿ ಕೋನಪ್ಪ, ಇವರ ಹಳೆಯ ಪೈಪೋಟಿಗಾರ, ನಗುತ್ತ, "ಅಲ್ಲೇನೈತಕ್ಕಾ, ಐಸು ತಾನೇ? ನಮ್ಮ ಬಸ್‌ಸ್ಟ್ಯಾಂಡಲ್ಲಿ ಕಡ್ಡಿಗೆ ಚುಚ್ಚಿ ಮಾರ್ತಾರೆ" ಎಂದ.

"ಇರ್ಲಿ ಕಣಪ್ಪ," ಎಂದರು ಇವರು. "ಅದು ಎಲ್ಲಿ ಹುಟ್ತದೆ ಅಂತ ಒಂದ್ಸಲ ನೋಡ್ಕೊಂಡು ಬರ್ತೀನಿ."

ಬಯಲು ದಾಟಿ, ಬಣ್ಣಗೆಟ್ಟ ಹುಲ್ಲಿನ ಗುಡ್ಡಗಳನ್ನು ದಾಟಿ ಬಸ್ಸು ಪರ್ವತದ ಮಡಿಲು ಸೇರಿತು. ಅಲ್ಲಿಂದ ಕಲ್ಲುಹಾದಿಯಲ್ಲಿ ನಡಿಗೆ. ಕೆಂಪು ಮೂಗಿನ ಒಬ್ಬ ತರುಣಿ, ದೋಣಿ ನಡೆಸುವವಳು, ಎಲ್ಲರಿಗೂ ತೇಲುವ ಅಂಗಿ ತೊಡಿಸುತ್ತ ಬಂದು ಇವರ ಕೋಟನ್ನು ಬಿಚ್ಚಲು ಸನ್ನೆ ಮಾಡಿದಳು. ಇವರು ತಲೆಯಾಡಿಸಿದರು. ಕಡೆಗೆ ಕೋಟಿನ ಮೇಲೆಯೇ ಅಂಗಿ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಜೀವಮಾನದಲ್ಲಿ ಮೊದಲ ಬಾರಿಗೆ ಅವರು ದೋಣಿಯೊಂದಕ್ಕೆ ಕಾಲಿಟ್ಟರು. ಪಕ್ಕದಲ್ಲಿ ಅವರಂತೆಯೇ ಒಬ್ಬಳೇ ಬಂದಿದ್ದ ನರೆಗೂದಲಿನ ವಿದೇಶಿ ಮುದುಕಿ.

ಸರೋವರದ ನೀರು ಸಿಮೆಂಟು ಕಲಸಿದಂತೆ ಬೂದು. ಅದರ ತುದಿಯಲ್ಲಿ ಎದ್ದು ನಿಂತಿದ್ದ ಹಿಮನದಿಯ ಗೋಡೆಯಾದರೋ ಕಲ್ಲು ಮಣ್ಣು ಮೆತ್ತಿಕೊಂಡು ನಮ್ಮ ಕಡೆಯ ಜಲ್ಲಿ ಕ್ವಾರಿಯಂತೆಯೇ ಕಂಡಿತು. ಇದಕ್ಕಾಗಿ ಇಷ್ಟು ದೂರ ಬಂದೆನೇ, ಕೋನಪ್ಪನಿಗೆ ಏನು ಹೇಳಲಿ ಎಂದು ಅವರಿಗೆ ಒಳಗೇ ಪೆಚ್ಚಾಯಿತು. ದೋಣಿ ಒಂದು ತೇಲುವ ಹಿಮಗಡ್ಡೆಯಿಂದ ಸಾಕಷ್ಟು ದೂರದಲ್ಲಿ ನಿಂತು ಎಂಜಿನ್ ಆರಿಸಿತು. ಅಂಥ ನಿಶ್ಶಬ್ದವನ್ನು ಅವರು ಅಲ್ಲಿಯವರೆಗೆ ಕೇಳಿರಲಿಲ್ಲ. ಹರಾಜು ಕೂಗುವವರಿಲ್ಲದ, ಹಕ್ಕಿಯೂ ಇಲ್ಲದ, ಗಾಳಿಯೇ ಉಸಿರು ಬಿಗಿಹಿಡಿದಂಥ ನಿಶ್ಶಬ್ದ.

ಆಗ ಎಲ್ಲೋ ಒಳಗಿನಿಂದ, ತೊಲೆ ಮುರಿದಂತೆ, ಒಂದು ಸದ್ದು. ಅಂಗಡಿ ಬೀದಿಯಷ್ಟು ಉದ್ದವಿದ್ದ ಆ ಮಣ್ಣುಬಣ್ಣದ ಗಡ್ಡೆ ಮೆಲ್ಲಗೆ, ಮಲಗಿದ ಎಮ್ಮೆ ಮಗ್ಗುಲು ಬದಲಿಸಿದಷ್ಟು ಆಲಸ್ಯದಿಂದ, ಹೊರಳತೊಡಗಿತು. ನೀರು ಉಬ್ಬಿ ಬಂದು ದೋಣಿಯನ್ನು ಎತ್ತಿ ಇಳಿಸಿತು. ಲಕ್ಷ್ಮೀನರಸಮ್ಮನವರ ಬಾಯಿಂದ ಹೊರಟದ್ದು ತವರುಮನೆಯ ತೆಲುಗಿನಲ್ಲಿ ಗಂಗಮ್ಮ ತಾಯಿಯ ಕರೆ: "ಗಂಗಮ್ಮ ತಲ್ಲೀ." ಕೈ ತಾನಾಗಿ ಪಕ್ಕದ ಮುದುಕಿಯ ಕೈಯನ್ನು ಹುಡುಕಿತು, ಅವಳ ಕೈಯೂ ಇವರದನ್ನು ಹುಡುಕುತ್ತಿತ್ತು. ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದ ಇಬ್ಬರು ಹೆಂಗಸರು ಬೆರಳು ಹೆಣೆದುಕೊಂಡು ನೋಡುತ್ತಿರುವಂತೆಯೇ, ಶತಮಾನಗಳಿಂದ ಬೆಳಕು ಕಾಣದಿದ್ದ ಆ ಗಡ್ಡೆಯ ತಳಭಾಗ ನೀರು ಸುರಿಸುತ್ತ ಮೇಲೆದ್ದಿತು.

ಅದು ನೀಲಿಯಾಗಿತ್ತು. ಆಕಾಶದ ನೀಲಿಯಲ್ಲ, ನವಿಲಿನದಲ್ಲ, ಅವರು ಕಂಡ ಯಾವ ಸೀರೆಯದೂ ಅಲ್ಲ. ಒಳಗೆಲ್ಲೋ ದೀಪವಿಟ್ಟಂತೆ ತನ್ನಷ್ಟಕ್ಕೆ ತಾನು ಬೆಳಗುವ ನೀಲಿ. ದೋಣಿಯ ಕುಲುಕಾಟ ನಿಂತು ಎಷ್ಟೋ ಹೊತ್ತಾದ ಮೇಲೂ ಹಿಡಿದ ಕೈಯನ್ನು ಇಬ್ಬರೂ ಬಿಡಲಿಲ್ಲ.

ದೋಣಿಯವಳು ನೀರಿನಿಂದ ಗಾಜಿನಂಥ ಒಂದು ತುಂಡನ್ನು ಎತ್ತಿ, ಒಡೆದು ಎಲ್ಲರ ಕೈಗೂ ಕೊಟ್ಟಳು. ಯಾವ ಕಾಲದಲ್ಲೋ ಬಿದ್ದ ಹಿಮ ಇದು ಎಂದು ಅವಳು ಹೇಳಿದ್ದರಲ್ಲಿ ಇವರಿಗೆ ತಿಳಿದದ್ದು 'ಓಲ್ಡ್, ವೆರಿ ಓಲ್ಡ್' ಎಂಬಷ್ಟೇ. ತುಂಡನ್ನು ಕಿವಿಯ ಬಳಿ ಹಿಡಿದರೆ ಒಳಗೆ ಚಿಟಚಿಟ ಸದ್ದು. ಹಿಮ ಬಿದ್ದ ದಿನ ಸಿಕ್ಕಿಕೊಂಡ ಗಾಳಿ ಈಗ ಬಿಡಿಸಿಕೊಂಡು ಹೊರಡುತ್ತಿತ್ತು. ಅವರು ಅಭ್ಯಾಸಬಲದಿಂದ ಒಂದು ಚೂರನ್ನು ಹಲ್ಲಿಗಿಟ್ಟು ಕಡಿದರು. ಉಗಿಯಲು ಮನಸ್ಸು ಬರಲಿಲ್ಲ. ಕಣ್ಣು ಮುಚ್ಚಿ, ತೀರ್ಥದಂತೆ ನುಂಗಿದರು.

ಆ ಸಂಜೆ ಚನ್ನಕೇಶವ ಹೋಟೆಲಿನ ಬಾಗಿಲಲ್ಲೇ ಕಾದಿದ್ದ. ಕೋನಪ್ಪ ಕುಚೋದ್ಯಕ್ಕೆ ಸಿದ್ಧನಾಗಿ ಬಂದವನು ಅವರ ಮುಖ ನೋಡಿ ಊಟಕ್ಕೆ ಕುರ್ಚಿ ಎಳೆದು ಕೊಟ್ಟನಂತೆ.

ಊರಿಗೆ ಮರಳಿದ ಮೇಲೆ ವರ್ತಕರ ಸಂಘದವರು ಒಂದು ಸನ್ಮಾನ ಏರ್ಪಡಿಸಿದರು. ನಾನೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಶಾಲು ಹೊದ್ದ ಲಕ್ಷ್ಮೀನರಸಮ್ಮನವರು ಅಲ್ಲಿನ ತೋಟ, ಒಕ್ಕಣೆ, ಬೀಜ ಒಣಗಿಸುವ ಬಗೆ ಎಲ್ಲವನ್ನೂ ಸಾಂಗವಾಗಿ ವಿವರಿಸಿದರು. ಹಿಮನದಿಯ ಬಗ್ಗೆ ಹೇಳಿ ಎಂದು ಯಾರೋ ಕೇಳಿದರು. ಅದರ ಎತ್ತರ ತೋರಿಸಲು ಅವರು ಬಲಗೈ ಎತ್ತಿದರು. ಇನ್ನೂ ಮೇಲೆತ್ತಿದರು. ಕೈ ಅಲ್ಲೇ ನಿಂತಿತು. ಸಭೆ ಮೊದಲು ನಕ್ಕು, ಆಮೇಲೆ ಆ ಕೈಯನ್ನೇ ನೋಡತೊಡಗಿತು. "ಅದು... ಐತೆ," ಎಂದಷ್ಟೇ ಹೇಳಿ ಅವರು ಕುಳಿತುಬಿಟ್ಟರು.

ಜಗತ್ತಿನ ಅಚ್ಚರಿಗಳನ್ನು ಕವಿಗಳೂ ಯಾತ್ರಿಕರೂ ಕಾಣುತ್ತಾರೆ, ಕಂಡದ್ದನ್ನು ಚೆನ್ನಾಗಿ ಬಣ್ಣಿಸುತ್ತಾರೆ. ಬಣ್ಣಿಸುವ ಆಸೆಯಿಂದಲೇ ಅರ್ಧವನ್ನಷ್ಟೇ ಕಂಡಿರುತ್ತಾರೆಂದು ನನಗೆ ಕೆಲವೊಮ್ಮೆ ಅನುಮಾನ. ಜೀವನವಿಡೀ ಅಳೆದು, ತೂಗಿ, ಒರೆಗೆ ಹಚ್ಚಿ ಬಾಳಿದ ಮಂದಿ ಬೇರೆ ಜಾತಿಯವರು. ಅವರು ಸುಲಭಕ್ಕೆ ಬೆರಗಾಗುವುದಿಲ್ಲ. ಆದರೆ ಅಳತೆಗೆ ಸಿಗದಂಥದೊಂದು ಎಂದಾದರೂ ಎದುರು ಬಂದು ನಿಂತರೆ, ಅದರೊಡನೆ ವಾದಿಸದೆ, ಅದನ್ನು ತಮ್ಮದೆನ್ನದೆ, ದೊಡ್ಡವರು ಬಂದಾಗ ದಾರಿ ಬಿಡುವಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ.