ಜನರಲ್ ಪಕ್ಕದವನು

ಕಾಜಕ್ಕನ ಗಂಡ ಮೂವತ್ತು ವರ್ಷದಿಂದ ಹೇಳಿಕೊಂಡು ಬಂದದ್ದು ಒಂದೇ ಕಥೆ. ದರ್ಜಿ ಅಂಗಡಿಗೆ ಅಳತೆ ಕೊಡಲು ಬಂದವರು ಎರಡೂ ಕೈ ಚಾಚಿ ನಿಂತಾಗ ಶುರು ಮಾಡುತ್ತಿದ್ದ. ಎದೆಗೆ ಟೇಪು ಸುತ್ತಿದ ಮೇಲೆ ಎಲ್ಲಿಗೆ ಓಡಿಹೋಗುತ್ತಾರೆ, ಪಾಪ! ಪ್ಯಾಂಟಿನ ಅಳತೆ ಮುಗಿಯುವ ಹೊತ್ತಿಗೆ ಕಥೆ ಅರ್ಧ ಆಗಿರುತ್ತಿತ್ತು, ಉಳಿದರ್ಧ ಟ್ರಯಲ್‌ಗೆ ಬಂದಾಗ.

ಕಥೆ ಇಷ್ಟು. ಹಿಂದೆ ಯುದ್ಧ ಗೆದ್ದ ಒಬ್ಬ ಜನರಲ್‌ನ ಜೀವನದ ಮೇಲೆ ದೊಡ್ಡದೊಂದು ಸಿನಿಮಾ ತೆಗೆದರು. ಸಿಪಾಯಿಗಳ ಉಡುಪು ಹೊಲಿಯಲು ಹೋದವರಲ್ಲಿ ಈ ದರ್ಜಿಯೂ ಒಬ್ಬ. ಜನರಲ್ ವೇಷದ ನಟನ ಮೊಣಕೈ ಹಿಡಿದುಕೊಂಡು ತೋಳಿಗೆ ಪಿನ್ನು ಚುಚ್ಚುತ್ತಿದ್ದಾಗ ನಿರ್ದೇಶಕರ ಕಣ್ಣಿಗೆ ಬಿದ್ದ. ‘ಹಿಂಗೇ ಹಿಡ್ಕೊಂಡಿರು, ನನ್ನ ಸಿಪಾಯಿ ಸಿಕ್ಕಿದ’ ಎಂದರಂತೆ ಅವರು. ಯಾಕೆಂದರೆ ಆ ಸಿನಿಮಾದ ಜನರಲ್‌ಗೆ ಕಣ್ಣು ಮಂಜಾಗಿ ಹೋಗಿರುತ್ತದೆ. ಸೈನ್ಯಕ್ಕೆ ಗೊತ್ತಾದರೆ ಮನೆಗೆ ಕಳಿಸುತ್ತಾರೆಂದು ಅವನು ಗುಟ್ಟು ಬಿಡುವುದಿಲ್ಲ. ಸಹಾಯಕ ಸಿಪಾಯಿ ಒಬ್ಬನೇ ಎಡಗಡೆ ನಿಂತು ಮೊಣಕೈ ಹಿಡಿದು ನಡೆಸುತ್ತಾನೆ, ನಕ್ಷೆಯ ಮೇಲೆ ಬೆರಳಿಟ್ಟು ಪಿಸುಗುಟ್ಟುತ್ತಾನೆ. “ಸಿನಿಮಾದಲ್ಲಿ ಇದನ್ನ ಬಾಯಿಬಿಟ್ಟು ಎಲ್ಲೂ ಹೇಳೋದಿಲ್ಲ,” ಎಂದು ದರ್ಜಿ ಟೇಪು ಎಳೆಯುತ್ತಾ ಹೇಳುತ್ತಿದ್ದ. “ಅಷ್ಟೂ ನಾನೇ ತೋರಿಸಬೇಕು. ಕೇಳೋ ಹಾಗೆ ಒಂದು ಮಾತಿಲ್ಲದೆ.”

ಬೀದಿಯವರು ಅವನಿಗೆ ಮಿಲಿಟರಿ ಮಾಮ ಎಂದು ಹೆಸರಿಟ್ಟರು. ಪಕ್ಕದ ಮಣೆಯ ಮೇಲೆ ಕೂತು ಕಾಜಾ, ಗುಂಡಿ, ಹೆಮ್ಮಿಂಗು ನೋಡಿಕೊಳ್ಳುವ ಹೆಂಡತಿ ಕಾಜಕ್ಕ ಆದಳು. ಅವಳು ಮದುವೆಯಾಗಿ ಬರುವ ಹೊತ್ತಿಗೆ ಸಿನಿಮಾ ಥಿಯೇಟರಿನಿಂದ ಎದ್ದುಹೋಗಿತ್ತು. ಟೀವಿಯಲ್ಲೂ ಬರಲಿಲ್ಲ, ಏನೋ ಹಕ್ಕಿನ ತಕರಾರಂತೆ. ಆಗ ನೋಡಿದವರನ್ನು ಕೇಳಿದರೆ ಜನರಲ್ ನೆನಪಿದ್ದ, ಪಕ್ಕದವನು ಯಾರ ನೆನಪಿನಲ್ಲಿರುತ್ತಾನೆ? ಹೆಸರುಗಳ ಸಾಲಿನಲ್ಲೂ ಇವನದಿರಲಿಲ್ಲ. ಆದರೂ ಕಾಜಕ್ಕ ನಂಬಿದ್ದಳು. ಗಂಡನ ಮಾತು ಬಿಟ್ಟು ಬೇರೆ ಸಾಕ್ಷಿ ಬೇಕು ಅಂತ ಅವಳಿಗೆ ಅನ್ನಿಸಿರಲೇ ಇಲ್ಲ.

ಆ ಸಿನಿಮಾ ಕೊನೆಗೂ ಡಿವಿಡಿಯಾಗಿ ಬಂತು. ಡಬ್ಬಿಯ ಮೇಲೆ ಜನರಲ್ ದೂರಕ್ಕೆ ದಿಟ್ಟಿಸುತ್ತಿದ್ದ, ಕೆಳಗೆ ‘ಹದ್ದಿನ ಕಣ್ಣಿನ ಸೇನಾನಿ’ ಎಂದು ಬಂಗಾರದ ಅಕ್ಷರ. ದರ್ಜಿ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಡಿವಿಡಿ ಹಾಕುವ ಯಂತ್ರ ಇದ್ದದ್ದು ಮಗಳನ್ನು ಕೊಟ್ಟ ಮನೆಯಲ್ಲಿ. ಬೀಗರು, ಬೀಗಿತಿ, ಅಳಿಯ, ಮಗಳು ಎಲ್ಲ ಸೇರಿದ ಒಂದು ಮಧ್ಯಾಹ್ನ ಅಲ್ಲೇ ನೋಡುವುದೆಂದಾಯಿತು. ದರ್ಜಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದುರಿನ ಕುರ್ಚಿಯಲ್ಲಿ ಕೂತ.

ಸಿನಿಮಾ ಶುರುವಾಯಿತು. ಡೇರೆಯ ಬಾಗಿಲು ತೆರೆದು ಜನರಲ್ ಬಂದ. ಒಬ್ಬನೇ ಬಂದ. “ಈಗ ಬರ್ತೀನಿ ನೋಡಿ,” ಎಂದ ದರ್ಜಿ. ಜನರಲ್ ನಕ್ಷೆಯ ಮುಂದೆ ನಿಂತ, ಬಲಗಡೆ ಅಧಿಕಾರಿಗಳ ದಂಡು. ಎಡದ ಅಂಚಿನಿಂದ ಒಂದು ಬೆರಳು ಬಂದು ನಕ್ಷೆ ಮುಟ್ಟಿ ಹೋಯಿತು. “ಅದು ನನ್ನ ಬೆರಳು!” ಅಳಿಯ ತುಟಿ ಕಚ್ಚಿಕೊಂಡ. ಆಮೇಲೆ ಒಂದು ಕಡೆ ಅರ್ಧ ಭುಜ, ಇನ್ನೊಂದು ಕಡೆ ಒಂದು ಬೂಟು. ಪ್ರತಿ ಸಲವೂ ದರ್ಜಿ ಕುರ್ಚಿಯಿಂದ ಏಳುತ್ತಿದ್ದ, ಹಿಂದಕ್ಕೆ ತಿರುಗಿಸಿ ಎನ್ನುತ್ತಿದ್ದ, ಎದ್ದದ್ದಕ್ಕಿಂತ ಚಿಕ್ಕವನಾಗಿ ಕೂರುತ್ತಿದ್ದ. ಜನರಲ್ ತಾನೊಬ್ಬನೇ ನಡೆದ, ತಾನೊಬ್ಬನೇ ನಕ್ಷೆ ಓದಿದ, ಯುದ್ಧ ಗೆದ್ದ. ಎಂಥ ದೃಷ್ಟಿಯಪ್ಪ ಈ ಮನುಷ್ಯನದ್ದು ಎಂದು ಬೀಗರು ತಲೆದೂಗಿದರು. ನಮ್ಮ ಬೀಗರು ಬಾಗಿಲ ಹೊರಗೆ ಕಾವಲಿದ್ದರೇನೋ ಎಂದು ಸೇರಿಸಿದರು. ಎಲ್ಲರೂ ನಕ್ಕರು. ಮಗಳೂ ನಕ್ಕಳು, ತಲೆ ತಗ್ಗಿಸಿಕೊಂಡು.

ಕಾಜಕ್ಕನಿಗೆ ಮೈ ಉರಿದುಹೋಯಿತು, ಗಂಡನ ಮೇಲೆ. ಮನೆಗೆ ಹೋಗುವ ತನಕವೂ ತಡೆದುಕೊಳ್ಳಲಿಲ್ಲ ಮಾರಾಯ್ತಿ. ಬೀಗರ ಹೊಸ್ತಿಲಲ್ಲೇ, ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟಳು: “ಒಂದು ಬೆರಳು ಇಟ್ಕೊಂಡು ಮೂವತ್ತು ವರ್ಷ ನನ್ನ ಕಿವಿಗೆ ಹೂವಿಟ್ರಲ್ಲ!”

ದರ್ಜಿ ಚಪ್ಪಲಿ ಮೆಟ್ಟಿಕೊಂಡು ಮುಂದೆ ನಡೆದ. ಮಾರನೆಯ ದಿನದಿಂದ ಅಂಗಡಿಯಲ್ಲಿ ಕಥೆ ನಿಂತುಹೋಯಿತು. ಗಿರಾಕಿಗಳು ತಾವಾಗಿ ಕೇಳಿದರೂ ಅಳತೆ ಬರೆದುಕೊಂಡು, ಕಾಲು ಅಗಲ ಎಷ್ಟಿರಲಿ ಎಂದಷ್ಟೇ ವಿಚಾರಿಸುತ್ತಿದ್ದ. ಅವನ ಮೌನ ಕಾಜಕ್ಕನಿಗೆ ಜಗಳಕ್ಕಿಂತ ಕಷ್ಟವಾಯಿತು. ಇಷ್ಟು ವರ್ಷ ತಾನು ಬಾಳಿದ್ದು ಒಬ್ಬ ಸುಳ್ಳನ ಜೊತೆಗಾ? ಸೂಜಿ ಹಿಡಿದರೂ ಅದೇ, ಒಲೆ ಹಚ್ಚಿದರೂ ಅದೇ.

ಹೀಗಿರುವಾಗ ಒಂದು ಬೆಳಿಗ್ಗೆ ಮಗಳ ಮನೆಗೆ ಹೊಲಿದ ಬಟ್ಟೆ ಕೊಡಲು ಹೋದಳು. ಬೀಗಿತಿ ಅದೇ ಸಿನಿಮಾ ಹಾಕಿಕೊಂಡು ಕೂತಿದ್ದರು. ಜನರಲ್ ಮೆಟ್ಟಿಲಿಳಿಯುತ್ತಿದ್ದ. ಕಾಜಕ್ಕ ಬಾಗಿಲಲ್ಲೇ ನಿಂತು ಅವನ ಎಡತೋಳನ್ನು ನೋಡಿದಳು. ಮೊಣಕೈ ಹತ್ತಿರ ಬಟ್ಟೆ ಸುಕ್ಕುಗಟ್ಟಿ ಹೊರಕ್ಕೆ ಜಗ್ಗಿತ್ತು. ಬಟ್ಟೆ ತಾನಾಗಿ ಹಾಗೆ ಜಗ್ಗುವುದಿಲ್ಲ, ಯಾರೋ ಹಿಡಿದಿರಬೇಕು. ಹಿಡಿದವನೆಲ್ಲಿ? ಅವಳು ಬಟ್ಟೆ ಕೊಟ್ಟು, ಡಬ್ಬಿಯ ಹಿಂದಿದ್ದ ಕಂಪನಿಯ ವಿಳಾಸ ನೋಡಿಕೊಂಡು, ಗಂಡನಿಗೆ ಹೇಳದೆ ಬಸ್ಸು ಹತ್ತಿದಳು.

ಕಂಪನಿ ಮೂರನೇ ಮಹಡಿಯಲ್ಲಿತ್ತು. ಕಿಟಕಿಗೆಲ್ಲ ಕಪ್ಪು ಬಟ್ಟೆ ಹೊಡೆದ ಕೋಣೆಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಯಂತ್ರದ ಮುಂದೆ ಕೂತಿದ್ದರು. ಕಾಜಕ್ಕ ಕೇಳಿದ್ದನ್ನು ಅವರು ಸಲೀಸಾಗಿ ಬಿಡಿಸಿ ಹೇಳಿದರು. ಆ ಸಿನಿಮಾ ಬಹಳ ಅಗಲ, ಮನೆಯ ಟೀವಿ ಚೌಕ. ಅಗಲವನ್ನೆಲ್ಲ ಇಟ್ಟರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಜನ ಒಪ್ಪುವುದಿಲ್ಲ. ಅದಕ್ಕೇ ಪ್ರತಿ ದೃಶ್ಯದಲ್ಲೂ ಮಾತಾಡುವವರು ಇರುವ ಕಡೆ ಉಳಿಸಿಕೊಂಡು, ಇನ್ನೊಂದು ಕಡೆ ಕತ್ತರಿಸುತ್ತೇವೆ, ಹೆಚ್ಚು ಕಮ್ಮಿ ಅರ್ಧ ಹೋಗುತ್ತದೆ ಎಂದರು. ತಮಗೂ ಈ ಕೆಲಸ ಇಷ್ಟವಿಲ್ಲ ಎಂದೂ ಹೇಳಿ, ಪೂರ್ತಿ ಚಿತ್ರವನ್ನು ಪರದೆಗೆ ತಂದರು.

ಅಲ್ಲಿದ್ದ. ಕಡ್ಡಿಯಂಥ ಕೊರಳು, ತಲೆಯಿಂದ ಬಿಟ್ಟು ನಿಂತ ಕಿವಿಗಳು. ಮಗಳಿಗೆ ಬಂದಿರುವ ಅದೇ ಕಿವಿ. ಡೇರೆಯಿಂದ ಬಂದದ್ದು ಇಬ್ಬರು. ಮೆಟ್ಟಿಲಿಳಿದದ್ದು ಇಬ್ಬರು. ನಕ್ಷೆಯ ಮುಂದೆ ಅವನ ತುಟಿ ಒಂದಿಷ್ಟೇ ಅಲುಗುತ್ತಿತ್ತು, ಆಮೇಲೆ ಜನರಲ್‌ನ ಮುಖ ಆ ಕಡೆ ತಿರುಗುತ್ತಿತ್ತು. ಅಯ್ಯೋ, ಎಷ್ಟು ಚೆನ್ನಾಗಿ ಮಾಡಿದ್ದಾನೆ! ಯಾರಿಗೂ ತಿಳಿಯದ ಹಾಗೆ ನಡೆಸಬೇಕು, ಬಿಟ್ಟರೆ ಬೀಳುತ್ತಾನೆ ಎಂಬ ದಿಗಿಲು ಆ ಮುಖದ ತುಂಬ ಇತ್ತು. ಕಾಜಕ್ಕ ಅಲ್ಲೇ ಕೂತು ಅತ್ತುಬಿಟ್ಟಳು. ಸಂತೋಷಕ್ಕೆ ಅರ್ಧ, ಬೀಗರ ಹೊಸ್ತಿಲಲ್ಲಿ ತಾನಾಡಿದ ಮಾತಿಗೆ ಅರ್ಧ.

ಅಷ್ಟರಲ್ಲಿ ಮ್ಯಾನೇಜರ್ ಬಂದ. ಹೊರಗಿನವರನ್ನು ಯಾಕೆ ಒಳಗೆ ಬಿಟ್ಟಿರಿ ಎಂದು ಆ ಹೆಂಗಸಿನ ಮೇಲೆ ಹರಿಹಾಯ್ದ. ಕಾಜಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು. ಪೂರ್ತಿ ಸಿನಿಮಾದ ಒಂದು ಪ್ರತಿ ಕೊಡಿ ಎಂದಳು, ಆಗುವುದಿಲ್ಲವಂತೆ. ಒಂದೇ ಒಂದು ಫೋಟೋ ತೆಗೆದುಕೊಡಿ ಎಂದಳು, ಹಕ್ಕು ಕಂಪನಿಯದಂತೆ. ನನ್ನ ಗಂಡನ ಮುಖದ ಹಕ್ಕು ನಿನ್ನದು ಹೇಗಾಯಿತೋ ಎಂದು ಅವಳು ಏಕವಚನಕ್ಕೇ ಇಳಿದಳು. ಅವನು ಸಮಾಧಾನದ ದನಿ ತೆಗೆದು, ಜನ ದುಡ್ಡು ಕೊಡುವುದು ಜನರಲ್‌ನನ್ನು ನೋಡಲು, ಪಕ್ಕದಲ್ಲಿ ಯಾರಿದ್ದರೇನು, ಇವತ್ತಿನವರೆಗೆ ಒಂದು ದೂರೂ ಬಂದಿಲ್ಲ ಎಂದ.

“ಈಗ ಬಂತಲ್ಲ!” ಎಂದಳು ಕಾಜಕ್ಕ. “ಕಣ್ಣು ಕಾಣದವನನ್ನ ಇಟ್ಕೊಂಡು, ಅವನ ಕೈ ಹಿಡಿದು ನಡೆಸಿದವನನ್ನ ಕತ್ತರಿಸಿ ಬಿಸಾಕಿದ್ದೀರಿ. ಮೇಲೆ ಹದ್ದಿನ ಕಣ್ಣು ಅಂತ ಬೇರೆ ಬರೆದಿದ್ದೀರಿ. ಸಿನಿಮಾ ನೋಡಿದ್ದೀಯೇನೋ ನೀನು?”

ಅವನು ನೋಡಿರಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಕಾವಲಿನವನನ್ನು ಕರೆದು ಅಮ್ಮನವರನ್ನು ಕೆಳಗೆ ಬಿಟ್ಟು ಬಾ ಎಂದ.

ಬಸ್ಸಿನಲ್ಲಿ ಪೂರ್ತಿ ದಾರಿ ಕಾಜಕ್ಕ ಕುದಿಯುತ್ತಲೇ ಬಂದಳು. ಬೀಗರನ್ನು ಕೂರಿಸಿ ಹೇಳಬೇಕು, ಅಳಿಯನಿಗೆ ಮಂಗಳಾರತಿ ಎತ್ತಬೇಕು, ಎಲ್ಲಕ್ಕಿಂತ ಮೊದಲು ಗಂಡನ ಹತ್ತಿರ ತಪ್ಪಾಯಿತು ಅನ್ನಬೇಕು. ಅವನು ಖುಷಿಯಿಂದ ಕುಣಿಯುತ್ತಾನೆ, ‘ಹೇಳಿರಲಿಲ್ವಾ?’ ಎಂದು ತಿಂಗಳುಗಟ್ಟಲೆ ತಲೆ ತಿನ್ನುತ್ತಾನೆ, ತಿನ್ನಲಿ.

ದರ್ಜಿ ಒಂದು ಪ್ಯಾಂಟಿನ ಕಾಲು ಮಡಿಸುತ್ತಿದ್ದ. ಬಾಯಲ್ಲಿ ಪಿನ್ನು. ಅವಳು ಮೇಲುಸಿರು ಬಿಡುತ್ತಾ ಎಲ್ಲ ಹೇಳಿದಳು: ಚೌಕ ಟೀವಿ, ಕತ್ತರಿಸಿದ ಅರ್ಧ, ಪೂರ್ತಿ ಚಿತ್ರ. ಅವನು ಒಂದೊಂದೇ ಪಿನ್ನು ತೆಗೆದು ಡಬ್ಬಿಗೆ ಹಾಕಿದ. ಮುಖ ಎತ್ತಲಿಲ್ಲ.

“ನಾನಿದ್ನಾ?”

“ಇದ್ರಿ ಅಂತ ಹೇಳ್ತಿದ್ದೀನಲ್ಲ!”

“ಸರಿಯಾಗಿ ನೋಡಿದ್ಯೇನೇ? ನಾನೇನಾ?” ಅವನ ದನಿ ತೀರಾ ಸಣ್ಣಗಾಗಿತ್ತು. “ಅವತ್ತಿಂದ ಯೋಚನೆ ಮಾಡ್ತಿದ್ದೀನಿ. ಹೇಳಿ ಹೇಳಿ ನಾನೇ ನಂಬಿಕೊಂಡುಬಿಟ್ನೇನೋ ಅಂತ. ಬರೀ ಬೆರಳಿಗೆ ಕರೆದಿದ್ರೇನೋ. ಅಲ್ಲಿ ನಿಂತೇ ಇರಲಿಲ್ವೇನೋ.”

ಕಾಜಕ್ಕ ತಪ್ಪಾಯಿತು ಅನ್ನಬೇಕೆಂದು ಬಂದವಳು ಅದನ್ನು ಮರೆತೇಬಿಟ್ಟಳು. ಚಿತ್ರ ಕತ್ತರಿಸಿದರು, ಆಗಲಿ, ಕತ್ತರಿಸಿಕೊಂಡು ಸಾಯಲಿ. ಈ ಮನುಷ್ಯ ಇವತ್ತು ಹೆಂಡತಿಯ ಮುಂದೆ ನಿಂತು ತಾನು ಇದ್ದೆನಾ ಎಂದು ಕೇಳುತ್ತಿದ್ದಾನಲ್ಲ! ಅದರಲ್ಲಿ ತನ್ನ ಪಾಲೂ ಇದೆಯಲ್ಲ ಎಂದು ಕಣ್ಣು ತುಂಬಿ ಬಂತು, ಬಂದಷ್ಟೇ ಬೇಗ ಒರೆಸಿಕೊಂಡಳು.

“ಏಳ್ರೀ,” ಎಂದಳು. “ಚಪ್ಪಲಿ ಹಾಕ್ಕೊಳ್ಳಿ.”

“ಎಲ್ಲಿಗೆ? ಈ ಪ್ಯಾಂಟು ಸಾಯಂಕಾಲಕ್ಕೆ ಕೊಡಬೇಕು ಕಣೇ.”

“ಅವನು ಲುಂಗಿ ಸುತ್ಕೊಂಡಿರಲಿ. ಆ ಮೂರನೇ ಮಹಡಿಯವನ ಮುಂದೆ ಹೋಗಿ ನಿಂತ್ಕೊಳ್ಳಿ. ನನ್ನನ್ನ ಕೇಳಿದ್ರಲ್ಲ, ‘ನಾನಿದ್ನಾ’ ಅಂತ, ಅದನ್ನ ಅವನನ್ನ ಕೇಳಿ. ಬೀಗರೂ ಬರ್ತಾರೆ, ನಾನು ಫೋನ್ ಮಾಡ್ತೀನಿ. ಎಲ್ಲರೆದುರಿಗೆ ಅವನು ಉತ್ತರ ಕೊಡಲಿ.”